ಮೂವತ್ತೊಂದೋ, ಮೂವತ್ಮೂರೋ

ನನ್ನ ತಮ್ಮ ಗುರುದತ್ತನ ಮಗಳು ಶ್ರಾವಣಿ ವಿಶಾಖಪಟ್ಟಣದ ಮಧುರವಾಡದಲ್ಲಿ ಮನೆ ಮಾಡಿಕೊಂಡಿದ್ದಾಳೆ. ಶ್ರಾವಣ ಮಾಸದಲ್ಲಿ ಅವಳಿಗೆ ಡೆಂಗಿ ಜ್ವರ ಬಂತು. ಜ್ವರ ಬಿಟ್ಟರೂ ಬಾಯಿಗೆ ರುಚಿ ಇಲ್ಲ, ಕಾಲಲ್ಲಿ ಬಲ ಇಲ್ಲ ಎಂದು ಕೇಳಿ ನಾನು ವಿಜಯವಾಡದಿಂದ ಹೋಗಿ ಅವಳ ಜೊತೆ ಉಳಿದೆ. ಆಫೀಸಿನವರು ಸುಧಾರಿಸಿಕೊಳ್ಳುವ ತನಕ ಮನೆಯಿಂದಲೇ ಮಾಡು ಅಂದಿದ್ದರಂತೆ. ಬೆಳಿಗ್ಗೆ ಗಂಜಿ ಕುಡಿದು ಕಂಪ್ಯೂಟರ್ ಮುಂದೆ ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ.

ಒಂದು ದಿನ ಮಜ್ಜಿಗೆ ಕೊಡಲು ಹೋಗಿ ಅವಳ ಬೆನ್ನ ಹಿಂದೆ ನಿಂತೆ. ಅವಳು ತಟ್ಟನೆ ಪರದೆಯನ್ನು ಮಡಚಿದಳು.

"ಅತ್ತೆ, ಹಿಂದೆ ನಿಲ್ಲಬೇಡಿ. ಇದನ್ನ ಬೇರೆಯವರು ನೋಡಬಾರದು. ಕೆಲಸ ತೆಗೀತಾರೆ."

"ನಾನು ನೋಡಿದ್ರೆ ಏನಾಗುತ್ತೆ ತಾಯಿ? ಕನ್ನಡ ಅಕ್ಷರ ಕಲಿತದ್ದೇ ರಾತ್ರಿ ಶಾಲೇಲಿ, ತಲೆ ನರೆತ ಮೇಲೆ. ನಿನ್ನ ಇಂಗ್ಲಿಷ್ ನನಗೆ ಇರುವೆ ಸಾಲು."

"ಇರುವೆ ಸಾಲಾದ್ರೂ ನೋಡಬಾರದು ಅತ್ತೆ. ರೂಲು ಕದಾ."

'ಅಲ್ವಾ' ಅನ್ನುವ ಕಡೆ ಬರುವ ಈ 'ಕದಾ' ಅವಳ ಬಾಯಿಂದ ಹೋಗುವುದಿಲ್ಲ. ಹುಟ್ಟಿ ಬೆಳೆದದ್ದೆಲ್ಲ ತೆಲುಗರ ನಡುವೆ. ಕನ್ನಡ ಅವಳಿಗೆ ನಮ್ಮ ಅಡುಗೆಮನೆಯ ಭಾಷೆ. ನಾನು ಎದುರುಗಡೆ ಬಂದು ಕೂತೆ. ಹಾಗಾದರೆ ಏನು ಕೆಲಸ ಅಂತಲಾದರೂ ಹೇಳು ಅಂದೆ. ಮಜ್ಜಿಗೆ ಕುಡಿಯುತ್ತಾ ಹೇಳಿದಳು. ಅಮೆರಿಕದ ಆಸ್ಪತ್ರೆಗಳಲ್ಲಿ ಡಾಕ್ಟರುಗಳು ರೋಗಿಯನ್ನು ನೋಡಿ ಬರೆದಿಟ್ಟದ್ದು ಇವಳ ಹತ್ತಿರ ಬರುತ್ತದೆ. ಇವಳು ಅದನ್ನು ಓದಿ ರೋಗಕ್ಕೆ ಒಂದು ಸಂಖ್ಯೆ ಹಾಕಬೇಕು. ಆ ಸಂಖ್ಯೆ ಇದ್ದರೇ ಬಿಲ್ಲು ಇನ್ಶೂರೆನ್ಸಿಗೆ ಹೋಗುವುದು. ಇವಳ ಪಾಲಿಗೆ ಬಂದಿರುವುದು ಮನಸ್ಸಿನ ಕಾಯಿಲೆಗಳು.

"ಅದೇ ಕಷ್ಟ ಅತ್ತೆ. ಕೈ ಮುರಿದ್ರೆ ಎಕ್ಸ್‌ರೇ ಹೇಳುತ್ತೆ. ಇವೆಲ್ಲ ಒಂದೇ ವಂಶದವು, ಎಫ್ ಅಂತ ಇಂಟಿಪೇರು, ಮನೆತನದ ಹೆಸರು. ಮೂವತ್ತೆರಡು ಅಂದ್ರೆ ಮನಸ್ಸಿಗೆ ಒಂದೇ ಒಂದು ಸಲ ಮಂಕು ಕವಿದದ್ದು. ಮೂವತ್ಮೂರು ಅಂದ್ರೆ ಹೋಗಿ ಮತ್ತೆ ಮತ್ತೆ ಬಂದದ್ದು. ಮೂವತ್ತೊಂದು ಅಂದ್ರೆ ಮಂಕೂ ಬರುತ್ತೆ, ಅದರ ಉಲ್ಟಾನೂ ಬರುತ್ತೆ. ಮನುಷ್ಯ ಮೇಲಕ್ಕೆ ಹಾರಿಬಿಡ್ತಾನೆ. ನಿದ್ದೆ ಬೇಡ, ದಣಿವಿಲ್ಲ, ಬಾಯಿ ನಿಲ್ಲಲ್ಲ, ಇದ್ದಬದ್ದದ್ದೆಲ್ಲ ದಾನ."

"ಡಾಕ್ಟರು ಬರೀ ಮಂಕು ಅಂತ ಬರೆದು ಬಿಟ್ಟಿದ್ರೆ?"

"ಅವರಿಗೇ ಕೇಳಿ ಕಳಿಸ್ತೀವಿ. ಆದರೆ ಕೇಳೋದಕ್ಕೂ ಕಟ್ಟು ಇದೆ. ಉತ್ತರಾನ ಪ್ರಶ್ನೆ ಒಳಗೆ ಇಟ್ಟು ಕೇಳಬಾರದು. 'ಇದು ಮೂವತ್ತೊಂದೇ ಅಲ್ವಾ ಸಾರ್' ಅಂದ್ರೆ ತಪ್ಪು. ನಮಗೆ ಅನ್ನಿಸಿದ್ದನ್ನ ನಾವು ಹಾಕೋ ಹಾಗೂ ಇಲ್ಲ."

"ಗೊತ್ತಿದ್ರೂ?"

"ಗೊತ್ತಿದ್ರೂ."

ಅಷ್ಟು ಹೇಳಿ ಲೋಟ ಕೆಳಗಿಟ್ಟಳು. ಆಮೇಲೆ ಬಹಳ ಹೊತ್ತು ಪರದೆ ತೆರೆಯಲಿಲ್ಲ. ಜ್ವರದ ಸುಸ್ತು ಅಂದುಕೊಂಡೆ.

ಮರುದಿನ ಗುರುದತ್ತನ ಫೋನು ಬಂತು. ಅವನ ಹೆಂಡತಿ ಜಲಜ ಮತ್ತೆ ಮಲಗಿಬಿಟ್ಟಿದ್ದಳು. ಹಾಸಿಗೆಯಿಂದ ಏಳುವುದಿಲ್ಲ, ಅನ್ನ ಮುಟ್ಟುವುದಿಲ್ಲ, ಕೇಳಿದ್ದಕ್ಕೆ ಉತ್ತರ ಇಲ್ಲ. ಆಸ್ಪತ್ರೆಗೆ ಸೇರಿಸಿದ್ದೇನೆ, ನೀನು ಬಂದುಬಿಡು ಅಕ್ಕ ಅಂದ. ಮಗಳಿಗೆ ಹೇಳಬೇಡ, ಈಗ ತಾನೇ ಎದ್ದಿದ್ದಾಳೆ ಅಂತಲೂ ಅಂದ. ಆದರೆ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದಿದ್ದವಳೇ ಮಗಳು.

ಇಬ್ಬರೂ ರತ್ನಾಚಲ್ ರೈಲು ಹತ್ತಿದೆವು. ಶ್ರಾವಣಿ ಕಿಟಕಿಗೆ ತಲೆ ಕೊಟ್ಟು ಕೂತಿದ್ದಳು. ಗೋದಾವರಿ ಸೇತುವೆ ಬಂದಾಗ ನಾನು ನೀರಿಗೆ ಕಾಸು ಹಾಕಿ ಕೈ ಮುಗಿದೆ. ಅವಳು ಕೈ ಮುಗಿಯಲಿಲ್ಲ. ಸೇತುವೆ ದಾಟಿದ ಮೇಲೆ ಕೇಳಿದಳು: "ಅತ್ತೆ, ಹೋದ ಕಾರ್ತಿಕದಲ್ಲಿ ನೀವು ಮನೇಲೇ ಇದ್ರಿ ಅಲ್ವಾ?"

"ಇದ್ದೆನಲ್ಲ."

"ಸರಿ." ಅಷ್ಟೇ. ಮುಂದೆ ಏನೂ ಕೇಳಲಿಲ್ಲ. ಅವಳು ಕೇಳದೇ ಬಿಟ್ಟದ್ದೇ ನನ್ನ ತಲೆಯಲ್ಲಿ ಏಲೂರಿನವರೆಗೂ ಸುತ್ತಿತು.

ಹೋದ ಕಾರ್ತಿಕದ ಮಾತು ಹೇಳಬೇಕಾದರೆ ಜಲಜಳ ಮಾತು ಮೊದಲು ಹೇಳಬೇಕು. ಅವಳು ತಿಪಟೂರಿನ ಕಡೆಯವಳು. ಬ್ಯಾಂಕಿನ ಗುಮಾಸ್ತನನ್ನು ಮದುವೆಯಾದಳು. ಗುಮಾಸ್ತನಿಗೆ ಆಂಧ್ರಕ್ಕೆ ವರ್ಗವಾಯಿತು, ಆಮೇಲೆ ಬಡ್ತಿ, ಆಮೇಲೆ ಮತ್ತೊಂದು ಶಾಖೆ, ಹೀಗೇ ಇಲ್ಲೇ ಉಳಿದರು. ಈಗ ಗುರುದತ್ತ ಇಬ್ರಾಹಿಂಪಟ್ನಂ ಶಾಖೆಯ ಮ್ಯಾನೇಜರು, ಮನೆ ಪಟಮಟದಲ್ಲಿ. ನನ್ನ ಯಜಮಾನರು ಹೋದ ಮೇಲೆ ನಾನೂ ಇವರ ಜೊತೆ ಸೇರಿಕೊಂಡೆ. ಇಷ್ಟು ವರ್ಷವಾದರೂ ಜಲಜ ತೆಲುಗು ಕಲಿತದ್ದು ತರಕಾರಿಯವಳಿಗೆ ಬೆರಳು ತೋರಿಸಿ ಕೊಳ್ಳುವ ಮಟ್ಟಕ್ಕೆ. ಮೆಲ್ಲಗೆ ನಡೆಯುವವಳು, ಕರೆದರೆ ಮಾತ್ರ ಬರುವವಳು. ಬಾಣಂತನದಲ್ಲಿ ಒಂದು ಸಲ, ವಿಜಯವಾಡಕ್ಕೆ ಬಂದ ಹೊಸದರಲ್ಲಿ ಒಂದು ಸಲ ಹೀಗೇ ಗೋಡೆ ಕಡೆ ತಿರುಗಿ ಮಲಗಿದ್ದಳು. ತಿಂಗಳುಗಟ್ಟಲೆ. ಆಮೇಲೆ ತಾನಾಗಿ ಎದ್ದಳು.

ಹೋದ ವರ್ಷ ಗುರುದತ್ತ ಬೆಟ್ಟದ ಮೇಲಿನ ಕನಕದುರ್ಗಮ್ಮನಿಗೆ ಹರಕೆ ಹೊತ್ತ. ನನ್ನ ಹೆಂಡತಿಯ ಮುಖದಲ್ಲಿ ಕಳೆ ಬರಿಸು ತಾಯಿ, ಅವಳಿಂದ ಭವಾನಿ ದೀಕ್ಷೆ ಮಾಡಿಸುತ್ತೇನೆ ಅಂತ. ಮೇಲಿನ ಮನೆಯ ಸೂರ್ಯಕಾಂತಮ್ಮನವರು ನಮ್ಮ ಬೀದಿಯಲ್ಲಿ ಆ ದೀಕ್ಷೆ ಹಿಡಿಯುವ ಭವಾನಿಗಳಿಗೆಲ್ಲ ಹಿರಿಯರು. ಅವರೇ ಕರೆದುಕೊಂಡು ಹೋಗಿ ಜಲಜಳಿಗೆ ಮಾಲೆ ಹಾಕಿಸಿದರು. ದೀಕ್ಷೆ ಅಂದರೆ ಒಂದು ಮಂಡಲ, ನಲವತ್ತೊಂದು ದಿನ, ಕೆಂಪು ಸೀರೆ ಉಡಬೇಕು, ಬೆಳಗಿನ ಜಾವ ತಣ್ಣೀರು ಸ್ನಾನ, ಒಪ್ಪೊತ್ತು ಊಟ, ಬರಿಗಾಲು, ಚಾಪೆಯ ಮೇಲೆ ಮಲಗುವುದು, ಬಾಯಲ್ಲಿ ಸದಾ ಅಮ್ಮನವರ ಹೆಸರು.

ಮೊದಲ ವಾರ ಎಲ್ಲರ ಹಾಗೇ ಇದ್ದಳು. ಆಮೇಲೆ ಅವಳೊಳಗೆ ಯಾರೋ ದೀಪ ಹಚ್ಚಿದ ಹಾಗಾಯಿತು. ಬೀದಿಯವರೆಲ್ಲರ ಜೊತೆ ತೆಲುಗಿನಲ್ಲಿ ಮಾತಾಡತೊಡಗಿದಳು. ಎಲ್ಲಿ ಅಡಗಿಸಿಟ್ಟಿದ್ದಳೋ ಅಷ್ಟೊಂದು ತೆಲುಗು. ಬೇರೆ ಭವಾನಿಗಳು ಮಧ್ಯಾಹ್ನ ಚಾಪೆಯ ಮೇಲೆ ಒರಗಿದರೆ ಇವಳು ಅವರಿಗೆಲ್ಲ ಪುಳಿಹೋರ ಕಲಸುತ್ತಿದ್ದಳು. ಬೆಟ್ಟದ ಪ್ರದಕ್ಷಿಣೆ ಮುಗಿಸಿ ಬಂದು ಎಲ್ಲರೂ ಕಾಲು ಒತ್ತಿಕೊಳ್ಳುವಾಗ ಇವಳು ಮತ್ತೊಂದು ಸುತ್ತು ಹೊರಡುವಳು. ರೇಷ್ಮೆ ಸೀರೆ ಕೊಟ್ಟಳು, ಸ್ಟೀಲಿನ ಪಾತ್ರೆ ಕೊಟ್ಟಳು, ಒಂದು ದಿನ ಕುಕ್ಕರನ್ನೂ ಯಾರಿಗೋ ಕೊಟ್ಟು ಬಂದಳು. ಅವತ್ತು ಬೇಳೆ ಬೇಯಿಸಲು ಸೂರ್ಯಕಾಂತಮ್ಮನವರ ಮನೆಯಿಂದ ಪಾತ್ರೆ ತರಬೇಕಾಯಿತು. ಗುರುದತ್ತ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕ, ನಾಳೆ ನನ್ನನ್ನೂ ಕೊಟ್ಟುಬಿಡ್ತಾಳೆ, ಹುಷಾರಾಗಿರು" ಅಂದ. ಅವನ ಕಣ್ಣಲ್ಲಿ ನೀರಿತ್ತು. ತಾಯಿ ಅವನ ಮಾತು ಕೇಳಿದ್ದಳು.

ಒಂದು ಬೆಳಿಗ್ಗೆ ಭವಾನಿಪುರಂ ಕಡೆಯ ಘಟ್ಟಕ್ಕೆ ಸ್ನಾನಕ್ಕೆ ಹೋಗಿದ್ದೆವು. ಕೃಷ್ಣೆಯ ನಡುವೆ ಭವಾನಿ ದ್ವೀಪ ಕಾಣುತ್ತಿತ್ತು. ಜಲಜ ಹಾಡುತ್ತಾ ಮೆಟ್ಟಿಲಿಳಿದವಳು ನಿಲ್ಲಲೇ ಇಲ್ಲ. ಮೊಣಕಾಲು, ಸೊಂಟ, ಎದೆ. ಅಮ್ಮ ಅಲ್ಲಿ ಕರೀತಿದಾಳೆ, ನೀರು ದಾರಿ ಬಿಡುತ್ತೆ ಅಂತ ನಗುತ್ತಾ ಹೋದಳು. ನಾನು ಕೂಗಿದೆ. ದೋಣಿಯವರಿಬ್ಬರು ಹಾರಿ ಅವಳ ಜಡೆ ಹಿಡಿದು ಎಳೆದು ತಂದರು. ದಡಕ್ಕೆ ತಂದ ಮೇಲೆ ಹೆಂಗಸರೆಲ್ಲ ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನೂ ಅವಳ ಒದ್ದೆ ತಲೆ ಒರೆಸಿದೆ, ಭಕ್ತಿ ಹೆಚ್ಚಾಯಿತು ಅಂತಲೇ ಅಂದುಕೊಂಡೆ. ಕಡಿಮೆ ನಿದ್ದೆ, ತಣ್ಣೀರು, ಬರಿಗಾಲು, ಎಲ್ಲವೂ ದೀಕ್ಷೆಯ ನಿಯಮವೇ ಆಗಿರುವಾಗ ಯಾವುದು ನಿಯಮ, ಯಾವುದು ಅದಕ್ಕೆ ಮೀರಿದ್ದು ಅಂತ ಯಾರು ನೋಡುತ್ತಾರೆ?

ಮಂಡಲ ಮುಗಿಯಿತು. ಇರುಮುಡಿ ಗಂಟನ್ನು ಬೆಟ್ಟದಲ್ಲಿ ಒಪ್ಪಿಸಿ ಎಲ್ಲರೂ ಮಾಲೆ ತೆಗೆದು ತಮ್ಮ ತಮ್ಮ ಕೆಲಸಕ್ಕೆ ಹೋದರು. ಜಲಜಳ ಮಂಡಲ ಮುಗಿಯಲಿಲ್ಲ. ಸಂಕ್ರಾಂತಿಯವರೆಗೂ ಹಾಗೇ ನಡೆಯಿತು. ಸಂಕ್ರಾಂತಿ ಕಳೆದು ಒಂದು ದಿನ ಮಲಗಿದಳು. ಯುಗಾದಿಗೆ ಎದ್ದಳು. ಈಗ ಶ್ರಾವಣದಲ್ಲಿ ಮತ್ತೆ.

ಆಸ್ಪತ್ರೆಯಲ್ಲಿ ಜಲಜ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗಳು ಅಮ್ಮಾ ಅಂದರೆ ಕಣ್ಣಷ್ಟೇ ತಿರುಗಿಸಿದಳು. "ಜ್ವರ ಬಿಡ್ತಾ ನಿಂಗೆ?" ಅಂದಳು. ಆ ಸ್ಥಿತಿಯಲ್ಲೂ ಅದನ್ನು ಕೇಳಿದಳು.

ಇನ್ಶೂರೆನ್ಸಿನ ಕಾಗದ ಗುರುದತ್ತನ ಕೈಯಲ್ಲಿತ್ತು. ಶ್ರಾವಣಿ ಅದನ್ನು ತೆಗೆದುಕೊಂಡು ಒಂದೇ ನೋಟಕ್ಕೆ ಎಲ್ಲಿ ನೋಡಬೇಕೋ ಅಲ್ಲಿ ನೋಡಿದಳು.

"ಮೂವತ್ಮೂರು ಹಾಕಿದಾರೆ."

"ಏನದು?" ಅಂದ ಗುರುದತ್ತ.

"ಮಂಕು ಮತ್ತೆ ಮತ್ತೆ ಬರೋದು. ಡಾಕ್ಟರ್‌ಗೆ ಏನೇನು ಹೇಳಿದ್ರಿ ಅಪ್ಪ?"

"ಎಲ್ಲಾ ಹೇಳಿದೆ. ಯಾವ ವರ್ಷ ಮಲಗಿದ್ದು, ಯಾವ ತಿಂಗಳು ಎದ್ದಿದ್ದು, ತಾರೀಕು ಸಮೇತ. ಬ್ಯಾಂಕಿನವನಮ್ಮ ನಾನು."

"ದೀಕ್ಷೆ?"

ಗುರುದತ್ತ ನನ್ನ ಮುಖ ನೋಡಿದ, ಮಗಳ ಮುಖ ನೋಡಿದ. "ಅದ್ಯಾಕೆ ಹೇಳಲಿ? ಅದು ಕಾಯಿಲೆನಾ?"

ನಾವು ವಾರ್ಡಿನ ಹೊರಗೆ ಕಿಟಕಿಯ ಹತ್ತಿರ ನಿಂತಿದ್ದೆವು. ಶ್ರಾವಣಿ ದನಿ ತಗ್ಗಿಸಿ ಹೇಳಿದಳು: "ಅಪ್ಪ, ಮೂವತ್ಮೂರಕ್ಕೆ ಕೊಡೋ ಮಾತ್ರೆ ಬೇರೆ. ಮೂವತ್ತೊಂದು ಇರೋರಿಗೆ ಅದೊಂದನ್ನೇ ಕೊಟ್ರೆ ಮಂಕಿಂದ ಎತ್ತುತ್ತೆ, ಎತ್ತಿ ಎಲ್ಲಿಗೋ ಒಯ್ದುಬಿಡಬಹುದು. ಮುಂದೆ ಕಾರ್ತಿಕ ಬರುತ್ತೆ. ಮತ್ತೆ ಘಟ್ಟಕ್ಕೆ ಹೋದ್ರೆ? ದೋಣಿಯೋರು ಇಲ್ದೇ ಇದ್ರೆ?"

"ನೀನು ಅಮೆರಿಕದೋರ ಕಾಗದ ಓದಿ ಓದಿ ಎಲ್ಲರಲ್ಲೂ ಅದೇ ಕಾಣ್ತಿದೀಯ. ಅವರಿಗೆ ದೀಕ್ಷೆ ಗೊತ್ತಾ, ಭವಾನಿ ಗೊತ್ತಾ? ದೇವರು ಮುಖ ತೋರಿಸಿದ್ದನ್ನ ರೋಗ ಅಂತ ಬರೆಸಬೇಕಾ ನಾನು?"

"ನನಗೂ ಆಗ ಖುಷಿಯಾಗಿತ್ತು ಅಪ್ಪ. ದಿನಾ ಫೋನ್ ಮಾಡೋಳು. ನಾನು ಇಟ್ರೂ ಮತ್ತೆ ಮಾಡೋಳು. ಫ್ರೆಂಡ್ಸ್‌ಗೆಲ್ಲ ಹೇಳ್ಕೊಂಡೆ, ನಮ್ಮಮ್ಮ ಮಾತಾಡ್ತಾಳೆ ಅಂತ."

"ಹಾಗಿದ್ರೆ ಬಿಟ್ಟುಬಿಡು."

ಅಷ್ಟರಲ್ಲಿ ಸೂರ್ಯಕಾಂತಮ್ಮನವರು ಬೆಟ್ಟದ ಕುಂಕುಮ ಪ್ರಸಾದ ಹಿಡಿದು ಬಂದರು, ನಾವೂ ಅವರ ಹಿಂದೆ ಒಳಗೆ ಹೋದೆವು. ಒಳ್ಳೆಯ ಹೆಂಗಸು, ದೊಡ್ಡ ದನಿ. ಜಲಜಳ ಹಣೆಗೆ ಕುಂಕುಮ ಇಟ್ಟು ತೆಲುಗಿನಲ್ಲಿ ಶುರು ಮಾಡಿದರು: "ಏಮ್ಮಾ ಜಲಜಾ, ನದಿಯನ್ನೇ ದಾಟಕ್ಕೆ ಹೊರಟವಳು ಮಂಚ ಇಳಿಯಕ್ಕೆ ಆಗಲ್ವಾ? ಕಾರ್ತಿಕ ಬರಲಿ. ಈ ಸಲವೂ ಮಾಲೆ ಹಾಕಿಸ್ತೀನಿ. ಅಮ್ಮವಾರು ಮತ್ತೆ ಎತ್ತುತ್ತಾಳೆ ನಿನ್ನ."

ಗೋಡೆ ಕಡೆ ತಿರುಗಿದ್ದ ಜಲಜ ಈ ಕಡೆ ತಿರುಗಿದಳು. ಸೂರ್ಯಕಾಂತಮ್ಮನವರ ಕೈ ಹಿಡಿದುಕೊಂಡಳು. "ಹಾಕಿಸ್ತೀರಾ?" ಅಂದಳು. ಅವಳ ಕಣ್ಣು ಕಂಡು ಗುರುದತ್ತನ ಮುಖ ಅರಳಿತು. ಶ್ರಾವಣಿ ಹೊರಗೆ ಹೋದಳು. ನನಗೂ ಆಗಲೇ ಘಟ್ಟದ ಮೆಟ್ಟಿಲು ನೆನಪಾದದ್ದು.

ಎಲ್ಲರೂ ಊಟಕ್ಕೆ ಹೋದ ಮೇಲೆ ನಾನೊಬ್ಬಳೇ ಮಂಚದ ಹತ್ತಿರ ಕೂತೆ. ಜಲಜಳಿಗೆ ನಿದ್ದೆ ಹತ್ತಿದೆ ಅಂದುಕೊಂಡಿದ್ದೆ.

"ಅತ್ತಿಗೆ."

"ಹೇಳು."

"ಶ್ರಾವಣಿ ಹೊರಗೆ ಹೇಳ್ತಿದ್ದಿದ್ದು ಕೇಳಿಸ್ತು. ಮೂವತ್ತೊಂದು ಅಂತ."

ನಾನು ಕುರ್ಚಿ ಹತ್ತಿರ ಎಳೆದುಕೊಂಡೆ.

"ಬಾಣಂತನದ್ದು ಬರ್ಕೊಳ್ಳಲಿ. ಇಲ್ಲಿಗೆ ಬಂದಾಗಿಂದು ಬರ್ಕೊಳ್ಳಲಿ. ಮಲಗಿದ್ದನ್ನೆಲ್ಲ ಬರ್ಕೊಳ್ಳಲಿ, ಅದು ಕಾಯಿಲೇನೇ. ಆ ಕಾರ್ತಿಕ ಒಂದನ್ನ ಬಿಟ್ಟುಬಿಡಿ ಅತ್ತಿಗೆ. ಅದು ನಂದು."

ಇಷ್ಟು ಉದ್ದ ಅವಳು ಮಾತಾಡಿ ವಾರಗಳಾಗಿದ್ದವು. ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. "ನನ್ನ ಜೀವನದಲ್ಲಿ ಬೆಳಿಗ್ಗೆ ಯಾವಾಗ ಆಗುತ್ತೋ ಅಂತ ಕಾದಿದ್ದು ಆಗ ಮಾತ್ರ. ಅದೂ ರೋಗ ಅಂದ್ರೆ ನಂಗೆ ಅಂತ ಏನುಳೀತು ಹೇಳಿ."

ಅವಳ ಕಾಲು ತಣ್ಣಗಿತ್ತು, ಹೊದಿಕೆ ಸರಿ ಮಾಡಿದೆ. ಕೊನೆಗೆ ಅಂದೆ: "ಜಲಜ, ನಾನಾಗಿ ಹೋಗಿ ಹೇಳಲ್ಲ. ಆದರೆ ಡಾಕ್ಟರು ನನ್ನನ್ನ ಕೂರಿಸಿ ಕೇಳಿದ್ರೆ ಸುಳ್ಳು ಹೇಳಕ್ಕೆ ಬರಲ್ಲ ನಂಗೆ."

"ಅವರು ಕೇಳಲ್ಲ ಬಿಡಿ" ಅಂದಳು. "ಚೆನ್ನಾಗಿದ್ದಾಗ ಹೇಗಿದ್ದೆ ಅಂತ ಯಾವ ಡಾಕ್ಟರೂ ಇದುವರೆಗೆ ಕೇಳಿಲ್ಲ."

ಆ ಮಾತನ್ನು ನಾನು ಶ್ರಾವಣಿಗೆ ಹೇಳಲಿಲ್ಲ. ಹೇಳದಿದ್ದರೂ ಅವಳು ತಾನೇ ಅಲ್ಲಿಗೆ ಬಂದಳು.

ಸಂಜೆ ಡಾಕ್ಟರ್ ಸಾಯಿಪ್ರಿಯಾ ಬಂದರು. ಶ್ರಾವಣಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಮಾತು ಮೆತ್ತಗೆ. ಜಲಜಳ ನಾಡಿ ನೋಡಿ, ಇನ್ನೆರಡು ದಿನಕ್ಕೆ ಮನೆಗೆ ಕಳಿಸುತ್ತೇನೆ, ಮಾತ್ರೆ ಮುಂದುವರಿಸಿ ಅಂದರು. ಅವರು ಬಾಗಿಲು ದಾಟುವಾಗ ಶ್ರಾವಣಿ ಹಿಂದೆ ಹೋದಳು. ಗುರುದತ್ತನೂ ಹೋದ, ನಾನೂ ಹೋದೆ.

"ಮೇಡಂ, ಒಂದು ಮಾತು. ಅಮ್ಮ ಹುಷಾರಾಗಿದ್ದಾಗ ಹೇಗಿರ್ತಾರೆ ಅಂತ ಮನೇಲಿ ಜೊತೆಗಿರೋರನ್ನ ಕೇಳಿದೀರಾ?"

"ನಿಮ್ಮ ತಂದೆ ಹೇಳಿದ್ರಲ್ಲ, ಮಧ್ಯೆ ಮಧ್ಯೆ ಚೆನ್ನಾಗಿರ್ತಾರೆ ಅಂತ."

"ಚೆನ್ನಾಗಿ ಅಂದ್ರೆ ಹೇಗೆ ಅಂತ ಕೇಳಿ ಮೇಡಂ."

ಡಾಕ್ಟರು ಅವಳ ಕಡೆ ತಿರುಗಿದರು. "ನಿಮಗೇನಾದ್ರೂ ಅನ್ನಿಸಿದ್ರೆ ನೀವೇ ಹೇಳಬಹುದು."

"ನಾನು ಮೆಡಿಕಲ್ ಕೋಡಿಂಗ್ ಮಾಡೋಳು. ನನಗೆ ಅನ್ನಿಸಿದ್ದು ಲೆಕ್ಕಕ್ಕಿಲ್ಲ. ನಾನು ಆಗ ವೈಜಾಗ್‌ನಲ್ಲಿದ್ದೆ. ನೋಡಿದೋರು ನಮ್ಮತ್ತೆ."

"ಶ್ರಾವಣಿ" ಅಂದ ಗುರುದತ್ತ. ಗದರಲಿಲ್ಲ. ಬೇಡಿಕೊಳ್ಳುವ ಹಾಗೆ ಅಂದ.

ಡಾಕ್ಟರು ನನ್ನನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಕುರ್ಚಿ ತೋರಿಸಿದರು. ತೆಲುಗಿನಲ್ಲಿ ನಿಧಾನವಾಗಿ ಕೇಳಿದರು. ಅಮ್ಮಾ, ನಿಮ್ಮ ತಮ್ಮನ ಹೆಂಡತಿ ಚೆನ್ನಾಗಿದ್ದರು ಅಂತೀರಲ್ಲ, ಆ ದಿನಗಳಲ್ಲಿ ಹೇಗೆ ಮಲಗುತ್ತಿದ್ದರು?

ಬಾಗಿಲ ಹೊರಗೆ ಗುರುದತ್ತನ ಚಪ್ಪಲಿಯ ಸದ್ದು ಅತ್ತಿಂದಿತ್ತ ಆಗುತ್ತಿತ್ತು. ದೀಕ್ಷೆಯಲ್ಲಿರೋರು ಚಾಪೆ ಮೇಲೆ ಮಲಗಬೇಕು ಅಂತ ಹೇಳಿ ಮುಗಿಸಿಬಿಡಬಹುದಿತ್ತು. ಅದೂ ಸುಳ್ಳಲ್ಲ. ಅವರು ಅದನ್ನು ಬರೆದುಕೊಂಡು ನನಗೆ ಕೈ ಮುಗಿದು ಕಳಿಸುತ್ತಿದ್ದರು. ಜಲಜಳ ಕಾರ್ತಿಕ ಜಲಜಳ ಹತ್ತಿರವೇ ಉಳಿಯುತ್ತಿತ್ತು. ಆದರೆ ಬಾಯಿ ತೆರೆದಾಗ ನನ್ನ ಕಣ್ಣ ಮುಂದೆ ಬಂದದ್ದು ನೀರಿನ ಮೇಲೆ ತೇಲುತ್ತಿದ್ದ ಅವಳ ಜಡೆಯೊಂದೇ.

"ಉಳಿದ ಭವಾನಿಗಳು ಚಾಪೆ ಮೇಲೆ ಮಲಗೋರು ಡಾಕ್ಟರ್‌ಗಾರು. ಇವಳ ಚಾಪೆ ಸುತ್ತಿಟ್ಟ ಹಾಗೇ ಇರೋದು."

ಆಮೇಲೆ ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ದಣಿಯುತ್ತಿದ್ದಳಾ? ಇಲ್ಲ. ಮಾತು? ಮೊದಲಿಗಿಂತ ಬಹಳ, ನಾವು ಒಂದು ಹೇಳುವುದರೊಳಗೆ ಹತ್ತು. ವಸ್ತು ಕೊಟ್ಟದ್ದು, ಮಾಲೆ ತೆಗೆದ ಮೇಲೂ ನಡೆದದ್ದು, ನಗುವುದು, ಹಾಡುವುದು, ನದಿ. ನದಿಯ ಮಾತಿಗೆ ಅವರ ಪೆನ್ನು ನಿಂತಿತು. "ಇದನ್ನ ಯಾಕೆ ಯಾರೂ ಹೇಳಲಿಲ್ಲ?" ಅಂದರು.

"ದುಃಖ ಆದ್ರೆ ಆಸ್ಪತ್ರೆಗೆ ಹೇಳ್ತೀವಿ. ಈ ಸಂತೋಷಾನ ಬೆಟ್ಟಕ್ಕೆ ಹೋಗಿ ಹೇಳಿದ್ವಿ" ಅಂದೆ.

ಅವರು ನಗಲಿಲ್ಲ. ಎದ್ದು ಜಲಜಳ ಹತ್ತಿರ ಹೋದರು. ಮಂಚದ ಅಂಚಿನಲ್ಲಿ ಕೂತು, ನಿಮ್ಮ ಅತ್ತಿಗೆ ಹೀಗೆ ಹೇಳಿದರು, ನೀವೇನು ಹೇಳುತ್ತೀರಿ ಅಂತ ಕೇಳಿದರು. ಜಲಜ ನನ್ನ ಕಡೆ ನೋಡಿದಳು. ಕೋಪದ ನೋಟವಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಅತ್ತಿಗೆ ಹೇಳಿದ್ದು ನಿಜ" ಅಂದಳು. ಮತ್ತೆ ಗೋಡೆಗೆ ತಿರುಗಿದಳು.

ಮರುದಿನ ಮಾತ್ರೆ ಬದಲಾಯಿತು. ಇನ್ಶೂರೆನ್ಸಿನ ಕಾಗದದಲ್ಲಿ ಸಂಖ್ಯೆಯೂ ಬದಲಾಯಿತು. ಅದನ್ನು ತಂದವಳು ಶ್ರಾವಣಿಯೇ. ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅತ್ತೆ, ಈ ನಂಬರ್ ನಾನು ದಿನಾ ಹಾಕ್ತೀನಿ. ಹಾಕಿ ಮುಂದಿನ ಚಾರ್ಟ್ ತೆಗೀತೀನಿ" ಅಂದಳು. ಅದರಾಚೆ ಏನೋ ಹೇಳಲು ಹೊರಟು ನನ್ನ ಹೆಗಲಿಗೆ ತಲೆ ಕೊಟ್ಟಳು.

ಗುರುದತ್ತ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಜಲಜಳನ್ನು ಮನೆಗೆ ಕರೆತಂದ ಮೇಲೆ, ಆಫೀಸಿಗೆ ಹೊರಡುವಾಗ ಶೂ ಹಾಕಿಕೊಳ್ಳುತ್ತಾ ತಲೆ ಎತ್ತದೆ ಕೇಳಿದ: "ಅಕ್ಕ, ಹಂಗಾದ್ರೆ ಆ ತಾಯಿ ನನ್ನ ಮಾತು ಕೇಳಲೇ ಇಲ್ವಾ?"

ಐವತ್ತು ದಾಟಿದ ಮ್ಯಾನೇಜರು, ಶೂ ಲೇಸು ಕೈಯಲ್ಲಿ ಹಿಡಿದು ಕೂತಿದ್ದ. ಮಗುವಾಗಿದ್ದಾಗ ಅವನಿಗೆ ಲಾಡಿ ಕಟ್ಟುತ್ತಿದ್ದವಳು ನಾನು. "ದೋಣಿಯೋರನ್ನ ಅವತ್ತು ಅಲ್ಲಿ ನಿಲ್ಲಿಸಿದ್ದು ಯಾರು ಮತ್ತೆ?" ಅಂದೆ. ಅವನಿಗೆ ಸಮಾಧಾನವಾಯಿತೋ ಇಲ್ಲವೋ ಗೊತ್ತಿಲ್ಲ. ಲೇಸು ಕಟ್ಟಿಕೊಂಡು ಹೋದ.

ಕಾರ್ತಿಕ ಬಂತು. ದೀಕ್ಷೆ ಬೇಡ, ನಿದ್ದೆ ಕೆಡಬಾರದು ಅಂತ ಡಾಕ್ಟರು ಹೇಳಿದ್ದನ್ನು ಶ್ರಾವಣಿಯೇ ಸೂರ್ಯಕಾಂತಮ್ಮನವರಿಗೆ ಹೇಳಿ ಹೋಗಿದ್ದಳು. ಅವರಿಗೆ ಅದು ಹಿಡಿಸಲಿಲ್ಲ. "ಮಾತ್ರೆ ನುಂಗಿಕೊಂಡೇ ಮಾಲೆ ಹಾಕಿದ್ರೆ ಅಮ್ಮವಾರು ಬೇಡಾಂತಾಳಾ ಅಂಡಿ?" ಅಂದರು. ಆದರೂ ಒತ್ತಾಯ ಮಾಡಲಿಲ್ಲ.

ಜಲಜ ಈಗ ಹೊತ್ತಿಗೆ ಸರಿಯಾಗಿ ಏಳುತ್ತಾಳೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ಗೋಡೆಗೆ ತಿರುಗಿ ಮಲಗುವುದಿಲ್ಲ. ಆಗಾಗ ರಕ್ತ ಪರೀಕ್ಷೆಗೆ ಹೋಗುತ್ತಾಳೆ. ಬೆರಳು ಸ್ವಲ್ಪ ನಡುಗುತ್ತದೆ; ಮಾತ್ರೆಯಿಂದ ಅಂತೆ. ಡಾಕ್ಟರು ಒಳ್ಳೆಯ ಗುಣ ಅಂತ ಹೇಳಿದರು. ಗುರುದತ್ತನೂ ಫೋನಿನಲ್ಲಿ ಎಲ್ಲರಿಗೂ ಹಾಗೇ ಹೇಳುತ್ತಾನೆ. ಜಲಜ ತರಕಾರಿಯವಳ ಹತ್ತಿರ ಮತ್ತೆ ಬೆರಳು ತೋರಿಸಿ ಕೊಳ್ಳುತ್ತಾಳೆ. ಆ ತೆಲುಗು ಎಲ್ಲಿ ಹೋಯಿತೋ.

ಒಂದು ಮಧ್ಯಾಹ್ನ ಇಬ್ಬರೂ ಹಿಂದಿನ ಜಗಲಿಯಲ್ಲಿ ಕೂತು ಗೋಂಗೂರ ಸೊಪ್ಪು ಬಿಡಿಸುತ್ತಿದ್ದೆವು. ಅವಳು ಎಲೆ ಕೀಳುತ್ತಾ ಕೀಳುತ್ತಾ ಕೇಳಿದಳು.

"ಅತ್ತಿಗೆ, ಡಾಕ್ಟರಿಗೆ ನಾನು ನಗ್ತಿದ್ದಿದ್ದು ಹೇಳಿದ್ರಲ್ಲ, ಹೇಗೆ ಹೇಳಿದ್ರಿ?"

"ನಗು ಜಾಸ್ತಿ ಇತ್ತು ಅಂದೆ."

"ಜಾಸ್ತಿ." ಒಂದು ಕಡ್ಡಿ ಪಕ್ಕಕ್ಕಿಟ್ಟಳು. "ಸುಳ್ಳು ನಗು ಆಗಿತ್ತಾ ಅದು? ನಂಗೆ ಈಗ ನೆನಪು ಮಾಡ್ಕೊಂಡ್ರೆ ಗೊತ್ತಾಗಲ್ಲ. ನೀವು ನೋಡ್ತಿದ್ರಲ್ಲ."

"ಇಲ್ಲ ಜಲಜ. ನಿಜವಾದ ನಗು. ನೀನು ಈ ಮನೆಗೆ ಬಂದ ಮೇಲೆ ನಾನು ಅಂಥದ್ದು ಕಂಡದ್ದೇ ಆಗ."

"ಅದನ್ನ ಹೇಳಿದ್ರಾ ಅವರಿಗೆ?"

"ಅವರು ಕೇಳಲಿಲ್ಲ."

ಅವಳು ತಲೆ ಆಡಿಸಿದಳು. ನಡುಗುವ ಬೆರಳಿನಿಂದ ಎಲೆಗಳನ್ನು ಒಂದೊಂದಾಗಿ ಪಾತ್ರೆಗೆ ಹಾಕಿದಳು. ಬೇಸರವಿಲ್ಲದ ದನಿಯಲ್ಲಿ ಅಂದಳು: "ಕೇಳದೇ ಇದ್ರೂ ಅದೊಂದನ್ನ ಹೇಳಬಹುದಿತ್ತು ಅತ್ತಿಗೆ."

ಹೇಳಬಹುದಿತ್ತು. ಹೇಳಿದ್ದರೆ ಆ ಕಾಗದದಲ್ಲಿ ಅದಕ್ಕೆ ಜಾಗ ಇರುತ್ತಿತ್ತೋ ಇಲ್ಲವೋ, ಶ್ರಾವಣಿಯನ್ನು ಕೇಳಬೇಕು. ನಾನು ಈವರೆಗೂ ಕೇಳಿಲ್ಲ.

ಅವಳ ಮಧ್ಯಾಹ್ನದ ನಿದ್ದೆಯ ಹೊತ್ತಾಗಿತ್ತು. ಮಡಿಲಿನ ಎಲೆ ಕೊಡವಿಕೊಂಡು ಎದ್ದು ಒಳಗೆ ಹೋದಳು, ಬಾಗಿಲು ಮುಂದಕ್ಕೆ ಹಾಕಿಕೊಂಡಳು. ಉಳಿದ ಸೊಪ್ಪನ್ನು ನಾನೊಬ್ಬಳೇ ಬಿಡಿಸಿದೆ.